ಅಕ್ಕಿ ಹಸನು ಮಾಡುವ ಕಣ್ಣು: ಘಟ್ಟದ ಮೇಲಿನವರಿಗೆ ಕಡಲ ಗಾಜು ಆಯುವ ಸಮಗ್ರ ಮಾರ್ಗದರ್ಶಿ

ಮೊದಲ ಸಲ ಕಡಲ ಗಾಜು ಹುಡುಕಲು ಹೋದಾಗ ಸಕಲೇಶಪುರದಿಂದ ಶಿರಾಡಿ ಇಳಿದು, ಇಡೀ ದಿನ ಬಿಸಿಲಲ್ಲಿ ಬಗ್ಗಿ, ಒಂದು ಕೆ.ಜಿ.ಯಷ್ಟು ಚೂರು ತುಂಬಿಕೊಂಡು ಬಂದಿದ್ದೆ. ಮನೆಗೆ ಬಂದು ಜಂಬದಿಂದ ಅಮ್ಮನಿಗೆ ತೋರಿಸಿದೆ. ಅವಳು ಚೀಲವನ್ನು ಮೊರಕ್ಕೆ ಸುರಿದಳು. ಅಕ್ಕಿ ಹಸನು ಮಾಡುವ ಹಾಗೆ ಬೆರಳ ತುದಿಯಲ್ಲಿ ಸರಿಸುತ್ತಾ ಹೋದಳು. ಎರಡು ನಿಮಿಷವೂ ಆಗಿರಲಿಲ್ಲ. ಒಂದು ಕಡೆ ದೊಡ್ಡ ರಾಶಿ, ಇನ್ನೊಂದು ಕಡೆ ಮೂರು ಚೂರು.

"ಈ ಮೂರು ಗಾಜು. ಮಿಕ್ಕಿದ್ದೆಲ್ಲ ಬೆಣಚುಕಲ್ಲು ಕಣೋ. ಇದಕ್ಕೆ ಮಂಗಳೂರಿಗೆ ಹೋಗ್ಬೇಕಿತ್ತಾ? ತೋಟದ ದಾರೀಲೇ ಬೇಕಾದಷ್ಟು ಬಿದ್ದಿದೆಯಲ್ಲ" ಅಂದಳು.

ಆ ದಿನ ಸಿಟ್ಟು ಬಂದಿತ್ತು. ಈಗ ಯೋಚಿಸಿದರೆ, ಈ ಹವ್ಯಾಸದಲ್ಲಿ ಕಲಿಯಬೇಕಾದ ಮುಕ್ಕಾಲು ಪಾಲು ಆ ಮೊರದಲ್ಲೇ ಇತ್ತು. ಕಡಲು ಕೂಡ ಒಂದು ಮೊರ. ಅದು ದಿನವೂ ಕೇರುತ್ತಲೇ ಇರುತ್ತದೆ. ಯಾವುದು ಎಲ್ಲಿ ಬೀಳುತ್ತದೆ ಅಂತ ಗೊತ್ತಾದರೆ ಗಾಜು ಸಿಗುತ್ತದೆ. ಗೊತ್ತಾಗದಿದ್ದರೆ ನನ್ನ ಹಾಗೆ ಕಲ್ಲು ಹೊತ್ತುಕೊಂಡು ಘಟ್ಟ ಹತ್ತಬೇಕಾಗುತ್ತದೆ.

ಕಡಲ ಗಾಜು ಅಂದರೆ ಏನು?

ಒಡೆದ ಬಾಟಲಿ, ಲೋಟ, ಬಳೆ, ದೀಪದ ಬುರುಡೆ, ಏನೇ ಆಗಲಿ, ಕಡಲಿಗೆ ಬಿದ್ದ ಗಾಜಿನ ಚೂರು. ಅಲೆ ಅದನ್ನು ಮರಳು, ಕಲ್ಲಿನ ಜೊತೆ ಹೊರಳಿಸುತ್ತದೆ. ಚೂಪಾದ ಅಂಚು ಸವೆದು ದುಂಡಗಾಗುತ್ತದೆ. ಇದು ಅರ್ಧ ಕೆಲಸ ಮಾತ್ರ. ಇನ್ನರ್ಧ ಉಪ್ಪುನೀರಿನದು. ನಾವು ಬಳಸುವ ಬಾಟಲಿಗಳ ಗಾಜು ಮರಳು, ಸೋಡಾ, ಸುಣ್ಣಕಲ್ಲು ಸೇರಿಸಿ ಕರಗಿಸಿದ್ದು. ನೀರು ಗಾಜಿನ ಮೈಯಿಂದ ಸೋಡಾ ಮತ್ತು ಸುಣ್ಣದ ಅಂಶವನ್ನು ನಿಧಾನವಾಗಿ ಎಳೆದುಕೊಳ್ಳುತ್ತದೆ. ಆಗ ಮೈಮೇಲೆ ಕಣ್ಣಿಗೆ ಕಾಣದಷ್ಟು ಸಣ್ಣ ಕುಳಿಗಳು ಏಳುತ್ತವೆ. ಮಂಜು ಕೂತ ಹಾಗೆ, ಒಣಗಿದಾಗ ಬೂದಿ ಬಳಿದ ದ್ರಾಕ್ಷಿಯ ಹಾಗೆ ಕಾಣುವುದು ಅದಕ್ಕೇ.

ಇದಕ್ಕೆ ಹತ್ತಾರು ವರ್ಷ ಬೇಕು. ಚೆನ್ನಾಗಿ ಮಾಗಿದ ಚೂರಿಗೆ ಇಪ್ಪತ್ತರಿಂದ ನಲವತ್ತು ವರ್ಷ ಅಂತ ಸಾಮಾನ್ಯವಾಗಿ ಹೇಳುತ್ತಾರೆ. ಕಲ್ಲಿನ ದಂಡೆಯಲ್ಲಿ ಬೇಗ, ನುಣುಪು ಮರಳಿನ ದಂಡೆಯಲ್ಲಿ ತಡ.

ಇದರ ಹೆಸರಾಂತ ಜಾಗಗಳೆಲ್ಲ ಒಂದು ಕಾಲದ ಕಸದ ಗುಂಡಿಗಳೇ. ಅಮೆರಿಕದ ಕ್ಯಾಲಿಫೋರ್ನಿಯಾದ ಫೋರ್ಟ್ ಬ್ರಾಗ್ ಊರಿನವರು 1906ರಿಂದ 1967ರವರೆಗೆ ಊರ ಕಸವನ್ನು ಸೀದಾ ಕಡಲ ದಡಕ್ಕೆ ಸುರಿದರು. ಈಗ ಅದೇ ಜಾಗ 'ಗ್ಲಾಸ್ ಬೀಚ್' ಆಗಿ ಪ್ರವಾಸಿ ತಾಣ. ಇಂಗ್ಲೆಂಡಿನ ಸೀಹ್ಯಾಮ್‌ನಲ್ಲಿ 1853ರಲ್ಲಿ ಶುರುವಾದ ಬಾಟಲಿ ಕಾರ್ಖಾನೆ ದಿನದ ಕೊನೆಗೆ ಉಳಿದ ಗಾಜನ್ನು ಕಡಲಿಗೆ ಎಸೆಯುತ್ತಿತ್ತು. ಕಾರ್ಖಾನೆ 1921ರಲ್ಲಿ ಮುಚ್ಚಿತು. ನೂರು ವರ್ಷ ಕಳೆದರೂ ಅಲ್ಲಿ ಬಣ್ಣ ಬಣ್ಣದ ಗಾಜು ದಡಕ್ಕೆ ಬರುತ್ತಲೇ ಇದೆ.

ನಮ್ಮ ಕರಾವಳಿಯಲ್ಲಿ ಅಂಥ ರಾಶಿ ನಿರೀಕ್ಷಿಸಬೇಡಿ. ನನಗೆ ತೋಚುವ ಕಾರಣ ಸುಲಭದ್ದು: ನಮ್ಮಲ್ಲಿ ಖಾಲಿ ಬಾಟಲಿಗೂ ಬೆಲೆ ಇದೆ. ಗುಜರಿಯವನು ಬರುತ್ತಾನೆ, ತೂಗಿ ದುಡ್ಡು ಕೊಟ್ಟು ಒಯ್ಯುತ್ತಾನೆ. ಒಂದು ಇಡೀ ಬೆಳಗ್ಗೆಗೆ ಹತ್ತು ಹದಿನೈದು ಒಳ್ಳೆ ಚೂರು ಸಿಕ್ಕರೆ ನಾನು ಖುಷಿಯಾಗಿ ಮನೆಗೆ ಹೋಗುತ್ತೇನೆ.

ಯಾವಾಗ ಹೋಗಬೇಕು?

ಜೂನ್‌ನಿಂದ ಆಗಸ್ಟ್ ಕೊನೆಯವರೆಗೆ ಹೋಗಲೇಬೇಡಿ. ಯಾಂತ್ರಿಕ ಬೋಟುಗಳಿಗೇ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ರಜೆ. ಕಡಲಲ್ಲೇ ಬದುಕುವವರು ಮೇಲೆ ಕೂತಿರುವಾಗ ನಾವು ಗಾಜಿಗಾಗಿ ಇಳಿಯುವುದು ಬೇಡ. ಘಟ್ಟದ ರಸ್ತೆಯ ಕಥೆಯೂ ಆಗ ನಿಮಗೆ ಗೊತ್ತಿದ್ದದ್ದೇ. ಎಲ್ಲಿ ಗುಡ್ಡ ಜಾರುತ್ತದೋ, ಎಷ್ಟು ಹೊತ್ತು ನಿಲ್ಲಬೇಕೋ ದೇವರೇ ಬಲ್ಲ.

ಆದರೆ ಆ ಮಳೆಗಾಲವೇ ನಮ್ಮ ಕೆಲಸ ಮಾಡಿಕೊಡುತ್ತದೆ. ಮಳೆಗಾಲದ ದೊಡ್ಡ ಅಲೆಗಳು ದಂಡೆಯ ಮರಳನ್ನು ಬಾಚಿ ಒಳಗೆ ಎಳೆದುಕೊಳ್ಳುತ್ತವೆ. ಅಡಿಯಲ್ಲಿದ್ದ ಜಲ್ಲಿ, ಕಲ್ಲು, ಗಾಜು ಮೇಲೆ ಕಾಣುತ್ತವೆ. ಮಳೆ ಮುಗಿದ ಮೇಲೆ ಸಣ್ಣ ಅಲೆಗಳು ಅದೇ ಮರಳನ್ನು ಸ್ವಲ್ಪ ಸ್ವಲ್ಪವಾಗಿ ವಾಪಸು ತಂದು ಹಾಸುತ್ತವೆ. ಮಾರ್ಚ್, ಏಪ್ರಿಲ್ ಹೊತ್ತಿಗೆ ದಂಡೆ ತುಂಬಿ ಅಗಲವಾಗಿ ಚೆಂದ ಕಾಣುತ್ತದೆ, ಆದರೆ ಗಾಜು ಎಲ್ಲ ಕೆಳಗೆ ಹೂತಿರುತ್ತದೆ. ಆದ್ದರಿಂದ ನನ್ನ ಲೆಕ್ಕದಲ್ಲಿ ಸೆಪ್ಟೆಂಬರ್ ಕೊನೆಯಿಂದ ನವೆಂಬರ್‌ವರೆಗೆ ಒಳ್ಳೆ ಕಾಲ. ಕಾಫಿ ಕೊಯ್ಲು ಬಿರುಸಾಗುವ ಮುಂಚೆ ಒಂದು ಭಾನುವಾರ ಬಿಡುವು ಮಾಡಿಕೊಳ್ಳಲು ನಮ್ಮ ಕಡೆಯವರಿಗೂ ಅದೇ ಅನುಕೂಲ.

ತಿಂಗಳು ಆಯಿತು, ಇನ್ನು ದಿನ. ಗೋಡೆಯ ಕ್ಯಾಲೆಂಡರಿನಲ್ಲಿ ಅಮಾವಾಸ್ಯೆ, ಹುಣ್ಣಿಮೆ ನೋಡಿ. ಆ ದಿನಗಳ ಆಸುಪಾಸಿನಲ್ಲಿ ಸೂರ್ಯ, ಚಂದ್ರ ಎರಡೂ ಒಂದೇ ಸಾಲಿನಲ್ಲಿ ಎಳೆಯುವುದರಿಂದ ಉಬ್ಬರ ಜಾಸ್ತಿ, ಇಳಿತವೂ ಜಾಸ್ತಿ. ನೀರು ಹೆಚ್ಚು ದೂರ ಹಿಂದೆ ಸರಿಯುತ್ತದೆ. ಅಷ್ಟಮಿ ಸುಮಾರಿಗೆ ಹೋದರೆ ವ್ಯತ್ಯಾಸ ತೀರಾ ಕಡಿಮೆ. ನಮ್ಮ ಕರಾವಳಿಯಲ್ಲಿ ಉಬ್ಬರ ಇಳಿತದ ಅಂತರ ಸುಮಾರು ಒಂದರಿಂದ ಒಂದೂವರೆ ಮೀಟರು ಅಷ್ಟೇ. ಗುಜರಾತಿನ ಖಂಭಾತ್ ಕೊಲ್ಲಿಯ ಹಾಗೆ ಮನೆ ಎತ್ತರ ನೀರು ಏರಿ ಇಳಿಯುವುದಿಲ್ಲ. ಹಾಗಾಗಿ ಇಲ್ಲಿ ಒಂದು ಅಡಿ ಹೆಚ್ಚು ಇಳಿದರೂ ಅದು ಲಾಭ.

ಕೊನೆಗೆ ಗಂಟೆ. ದಿನಕ್ಕೆ ಎರಡು ಉಬ್ಬರ, ಎರಡು ಇಳಿತ. ಒಂದರಿಂದ ಇನ್ನೊಂದಕ್ಕೆ ಆರು ಗಂಟೆ ಚಿಲ್ಲರೆ. ಎರಡು ಇಳಿತಗಳು ಒಂದೇ ಸಮ ಇರುವುದಿಲ್ಲ, ಒಂದು ಹೆಚ್ಚು ಆಳ. ಮೊಬೈಲಿನಲ್ಲಿ ಮಂಗಳೂರಿನ ಉಬ್ಬರ ಇಳಿತದ ಪಟ್ಟಿ ನೋಡಿದರೆ ಯಾವುದು ಆಳದ್ದು ಅಂತ ಗೊತ್ತಾಗುತ್ತದೆ. ದಿನ ಕಳೆದಂತೆ ಸಮಯ ಸುಮಾರು 50 ನಿಮಿಷ ಮುಂದೆ ಹೋಗುತ್ತದೆ. ಶನಿವಾರ ಬೆಳಗ್ಗೆ 7ಕ್ಕೆ ಇಳಿತ ಇದ್ದರೆ ಭಾನುವಾರ ಎಂಟಕ್ಕೆ ಹತ್ತು ನಿಮಿಷ ಇರುವಾಗ. ಇಳಿತಕ್ಕೆ ಒಂದೂವರೆ ಗಂಟೆ ಮುಂಚೆ ದಂಡೆಯಲ್ಲಿರಬೇಕು. ನೀರು ಹಿಂದೆ ಹೋಗುವಾಗ ಅದರ ಹಿಂದೆಯೇ ಹೋಗಿ, ವಾಪಸು ಬರುವಾಗ ನೀವೂ ಬನ್ನಿ.

ನಾನು ಎರಡನೇ ಸಲ ಹೋದಾಗ ಇದನ್ನು ಯಾವುದನ್ನೂ ನೋಡಿರಲಿಲ್ಲ. ಪೂರ್ತಿ ಉಬ್ಬರದ ಹೊತ್ತಿಗೆ ತಲುಪಿ, ಹುಡುಕಬೇಕಾದ ಜಾಗವೆಲ್ಲ ನೀರಿನಡಿ ಇದ್ದದ್ದನ್ನು ನೋಡಿ, ಗೋಳಿಬಜೆ ತಿಂದು ವಾಪಸು ಬಂದೆ. ಗೋಳಿಬಜೆ ಚೆನ್ನಾಗಿತ್ತು.

ಹೈದರಾಬಾದಿನ ಇನ್‌ಕಾಯಿಸ್ ಅನ್ನುವ ಕೇಂದ್ರ ಸರ್ಕಾರದ ಕಡಲ ಮಾಹಿತಿ ಸಂಸ್ಥೆ ಎತ್ತರದ ಅಲೆಗಳ ಎಚ್ಚರಿಕೆ ಕೊಡುತ್ತದೆ. ಹೊರಡುವ ಹಿಂದಿನ ರಾತ್ರಿ ಅದನ್ನೂ ನೋಡಿ.

ಘಟ್ಟ ಇಳಿಯುವುದು

ಹಾಸನದಿಂದ ಮಂಗಳೂರಿಗೆ ಶಿರಾಡಿ ಘಾಟಿಯಲ್ಲಿ ಸುಮಾರು 170 ಕಿ.ಮೀ. ಚಿಕ್ಕಮಗಳೂರಿನಿಂದ ಮೂಡಿಗೆರೆ, ಕೊಟ್ಟಿಗೆಹಾರ, ಚಾರ್ಮಾಡಿ, ಉಜಿರೆ ಮೇಲೆ ಸುಮಾರು 150. ಬೆಳಗ್ಗೆಯ ಇಳಿತ ಬೇಕಿದ್ದರೆ ಹಿಂದಿನ ಸಂಜೆಯೇ ಹೋಗಿ ತಂಗುವುದು ಒಳ್ಳೆಯದು. ರಾತ್ರಿ ಮಂಜಿನಲ್ಲಿ ಚಾರ್ಮಾಡಿಯ ತಿರುವುಗಳಲ್ಲಿ ಗಾಡಿ ಓಡಿಸಿ ಗಾಜು ಆಯಬೇಕಾದ ಅವಸರ ಯಾರಿಗೂ ಇಲ್ಲ. ಹಾಸನದವರಿಗೆ ಸಕಲೇಶಪುರ, ಸುಬ್ರಹ್ಮಣ್ಯ ರೋಡ್ ಮೇಲೆ ಹೋಗುವ ರಾತ್ರಿ ರೈಲೂ ಇದೆ. ಮಧ್ಯಾಹ್ನ ಸಂಜೆಯ ಇಳಿತ ಆದರೆ ಬೆಳಗ್ಗೆ ಹೊರಟು, ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿಂದು ಆರಾಮಾಗಿ ಹೋಗಬಹುದು.

ಕೊಟ್ಟಿಗೆಹಾರದ ಹತ್ತಿರ ನನಗೆ ಯಾವಾಗಲೂ ಒಂದು ಯೋಚನೆ ಬರುತ್ತದೆ. ಅಲ್ಲೇ ಮೂಡಿಗೆರೆ ಸೀಮೆಯಲ್ಲಿ ಹುಟ್ಟುವ ಹೇಮಾವತಿ ಪೂರ್ವಕ್ಕೆ ಹರಿದು ಕಾವೇರಿ ಸೇರುತ್ತಾಳೆ. ಘಟ್ಟದ ಆಚೆ ಮಗ್ಗುಲಲ್ಲಿ ಬಿದ್ದ ನೀರು ನೇತ್ರಾವತಿ ಸೇರಿ ಉಳ್ಳಾಲದ ಹತ್ತಿರ ಕಡಲಿಗೆ ಹೋಗುತ್ತದೆ. ಅಂದರೆ ಚಾರ್ಮಾಡಿಯ ತಿರುವಿನಲ್ಲಿ ಯಾರೋ ಕುಡಿದು ಎಸೆದ ಬಾಟಲಿಗೆ ಮಳೆಗಾಲದ ಹಳ್ಳ ಸಿಕ್ಕರೆ, ಅದರ ದಾರಿ ಅರಬ್ಬೀ ಸಮುದ್ರದ ಕಡೆಗೆ. ಮುಚ್ಚಳ ಇದ್ದರೆ ತೇಲಿಕೊಂಡು, ಒಡೆದರೆ ಉರುಳಿಕೊಂಡು. ನಾವು ಘಟ್ಟ ಇಳಿದು ಹುಡುಕುವುದರಲ್ಲಿ ಕೆಲವು ನಮ್ಮ ಊರಿನವೇ ಇರಬಹುದು.

ಏನು ಒಯ್ಯಬೇಕು?

ಹೆಚ್ಚೇನೂ ಬೇಡ. ಅಡಿ ದಪ್ಪ ಇರುವ, ಹಿಂದೆ ಪಟ್ಟಿ ಇರುವ ಚಪ್ಪಲಿ. ಹವಾಯಿ ಚಪ್ಪಲಿ ಒದ್ದೆ ಕಲ್ಲಿನ ಮೇಲೆ ಮೋಸ ಮಾಡುತ್ತದೆ, ಬರಿಗಾಲು ಬೇಡವೇ ಬೇಡ. ಟೋಪಿ, ಕುಡಿಯುವ ನೀರು. ಈರುಳ್ಳಿ ಬರುವ ಬಲೆ ಚೀಲ ತುಂಬ ಉಪಯೋಗಕ್ಕೆ ಬರುತ್ತದೆ. ನೀರಲ್ಲಿ ಒಮ್ಮೆ ಅದ್ದಿ ಎತ್ತಿದರೆ ಮರಳೆಲ್ಲ ಸೋರಿ ಹೋಗುತ್ತದೆ. ಕೆದಕಲು ಒಂದು ಮೊಳದ ಕಾಫಿ ಗಿಡದ ಕಡ್ಡಿ. ಕೈಯಲ್ಲಿ ಕೆದಕಬಾರದು, ಯಾಕೆ ಅಂತ ಮುಂದೆ ಹೇಳುತ್ತೇನೆ. ಒಂದು ಗಟ್ಟಿ ಪ್ಲಾಸ್ಟಿಕ್ ಡಬ್ಬ, ಮುಚ್ಚಳ ಇರುವಂಥದ್ದು. ಇದು ಒಳ್ಳೆ ಗಾಜಿಗಲ್ಲ, ಕೆಟ್ಟ ಗಾಜಿಗೆ. ವಾಚು ರಿಪೇರಿಯವರು ಬಳಸುವಂಥ ಸಣ್ಣ ಭೂತಗನ್ನಡಿ ಇದ್ದರೆ ಮಜಾ ಜಾಸ್ತಿ.

ಗಾಜು ಹುಡುಕಬೇಡಿ, ಕಲ್ಲು ಹುಡುಕಿ

ಇದನ್ನು ಹೇಳಿಕೊಟ್ಟವರು ಬಲೆ ಸರಿಮಾಡುತ್ತಾ ಕೂತಿದ್ದ ಒಬ್ಬ ಹಿರಿಯ ಮೀನುಗಾರರು. ನಾನು ನುಣುಪು ಮರಳಿನ ಮೇಲೆ ಅರ್ಧ ಗಂಟೆಯಿಂದ ತಲೆ ತಗ್ಗಿಸಿ ಓಡಾಡುತ್ತಿದ್ದೆ.

"ಎಂತ ಮಾರಾಯ್ರೇ ಹುಡುಕುದು? ಉಂಗುರ ಬಿತ್ತಾ?"

ಗಾಜು ಅಂದೆ. ಅವರು ನಗಲಿಲ್ಲ, ಅದೇ ದೊಡ್ಡ ಉಪಕಾರ.

"ಇಲ್ಲಿ ಎಂತ ಉಂಟು, ಬರೀ ಹೊಯಿಗೆ. ಜಲ್ಲಿ ಬಿದ್ದಲ್ಲಿ ನೋಡಿ, ಆ ಬಂಡೆಯ ಬುಡದಲ್ಲಿ."

ಹೊಯಿಗೆ ಅಂದರೆ ಮರಳು. ಅವರು ಹೇಳಿದ್ದರ ಹಿಂದೆ ಲೆಕ್ಕ ಇದೆ. ಗಾಜು ನೀರಿಗಿಂತ ಸುಮಾರು ಎರಡೂವರೆ ಪಟ್ಟು ಭಾರ. ಬೆಣಚುಕಲ್ಲು 2.65 ಪಟ್ಟು. ಹೆಚ್ಚುಕಮ್ಮಿ ಒಂದೇ. ಹಾಗಾಗಿ ಕಡಲಿಗೆ ಇವೆರಡೂ ಒಂದೇ. ಹುಣಸೆಬೀಜದಷ್ಟು ದೊಡ್ಡ ಕಲ್ಲನ್ನು ಅಲೆ ಎಲ್ಲಿ ಕೈಬಿಡುತ್ತದೋ, ಹುಣಸೆಬೀಜದಷ್ಟು ಗಾಜನ್ನೂ ಅಲ್ಲೇ ಬಿಡುತ್ತದೆ. ಮೊರದಲ್ಲಿ ಅಕ್ಕಿ ಒಂದು ಕಡೆ, ನುಚ್ಚು ಒಂದು ಕಡೆ, ಹೊಟ್ಟು ಒಂದು ಕಡೆ ಸೇರುವ ಹಾಗೆ. ನುಣ್ಣನೆ ಮರಳು ಮಾತ್ರ ಇರುವ ಕಡೆ ಬೆರಳಗಲದ ಗಾಜು ಮೇಲೆ ಕೂರುವುದು ಅಪರೂಪ.

ದಂಡೆಗೆ ಹೋದ ಕೂಡಲೇ ಬಗ್ಗಬೇಡಿ. ಐದು ನಿಮಿಷ ಸುಮ್ನೆ ನಿಂತು ನೋಡಿ. ಮರಳಿನ ಮೇಲೆ ನೀರಿಗೆ ಸಮವಾಗಿ ಗೆರೆಗಳು ಕಾಣುತ್ತವೆ. ಎಲ್ಲಕ್ಕಿಂತ ಮೇಲಿನ ಗೆರೆಯಲ್ಲಿ ಕಡ್ಡಿ, ತೆಂಗಿನ ಸಿಪ್ಪೆ, ಪ್ಲಾಸ್ಟಿಕ್, ಅಂದರೆ ಹಗುರದ್ದು. ಅದು ಕಡಲಿನ ಹೊಟ್ಟು. ಅದನ್ನು ಬಿಡಿ. ಕೆಳಗೆ, ಅಲೆ ಬಂದು ಮಗುಚುವ ಜಾಗಕ್ಕೆ ಸ್ವಲ್ಪ ಮೇಲೆ, ಚಿಪ್ಪಿನ ಚೂರು ಮತ್ತು ಜಲ್ಲಿ ಸೇರಿದ ಗೆರೆ ಇದ್ದರೆ ಅದೇ ನಿಮ್ಮದು. ಎಲ್ಲಾ ದಂಡೆಯಲ್ಲೂ ಎಲ್ಲಾ ದಿನವೂ ಅದು ಇರುವುದಿಲ್ಲ.

ಜಾಗದ ಆಯ್ಕೆಯೂ ಇದೇ ಲೆಕ್ಕದ ಮೇಲೆ. ಪಣಂಬೂರು, ತಣ್ಣೀರುಬಾವಿ, ಮಲ್ಪೆಯ ಉದ್ದ ಮರಳಿನ ದಂಡೆಗಳು ಮಕ್ಕಳಿಗೆ ಚೆಂದ, ಗಾಜಿಗೆ ಅಷ್ಟಕ್ಕಷ್ಟೆ. ಬಂಡೆ ಇರುವ ಕಡೆ ನೋಡಿ. ಉಳ್ಳಾಲದ ಸೋಮೇಶ್ವರ, ಸುರತ್ಕಲ್ ದೀಪಸ್ತಂಭದ ಕೆಳಗೆ, ಕಾಪು ದೀಪಸ್ತಂಭದ ಆಸುಪಾಸು. ಬಂಡೆಯ ಕಡಲ ಕಡೆಯ ಮುಖ ಅಲ್ಲ, ಅದರ ಹಿಂದಿನ ಮರೆಯಲ್ಲಿ, ಎರಡು ಬಂಡೆಗಳ ನಡುವಿನ ಜೇಬಿನಲ್ಲಿ. ಅಲೆ ನುಗ್ಗಿ ಬಂದು ಅಲ್ಲಿ ಸುಸ್ತಾಗಿ, ಹೊತ್ತು ತಂದದ್ದನ್ನು ಇಳಿಸುತ್ತದೆ. ನದಿ ಕಡಲು ಸೇರುವ ಅಳಿವೆಗಳ ಹತ್ತಿರವೂ ನೋಡಬಹುದು. ಹಳೇ ಊರಿನ ಕಸ ಬಂದು ಸೇರುವುದು ಅಲ್ಲಿಗೇ. ಆದರೆ ಅಳಿವೆಯ ಬಾಯಲ್ಲಿ ನೀರಿಗೆ ಕಾಲಿಡಬೇಡಿ, ಸೆಳೆತ ಜೋರು.

ಇನ್ನೊಂದು ಗುರುತು ನಾನೇ ಕಂಡುಕೊಂಡದ್ದು. ಹೆಂಚಿನ ಚೂರು. ನಮ್ಮ ಮಲೆನಾಡಿನ ಹಳೇ ಮನೆಗಳ ಮೇಲಿರುವ ಮಂಗಳೂರು ಹೆಂಚು ಗೊತ್ತಲ್ಲ? ಬಾಸೆಲ್ ಮಿಷನ್‌ನವರು 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಕಾರ್ಖಾನೆ ಹಾಕಿದ ಮೇಲೆ ಈ ಹೆಂಚು ಎಲ್ಲಾ ಕಡೆ ಹರಡಿತು. ಕರಾವಳಿಯಲ್ಲಿ ಒಡೆದ ಹೆಂಚು ಕಡಲಿಗೆ ಬಿದ್ದು, ಸವೆದು, ಕೆಂಪು ಬಿಸ್ಕತ್ತಿನ ಹಾಗೆ ದುಂಡಾಗಿ ದಡಕ್ಕೆ ಬರುತ್ತದೆ. ಗಾಜು ಕಣ್ಣಿಗೆ ಬೀಳುವ ಮುಂಚೆ ಹೆಂಚು ಕಾಣುತ್ತದೆ, ಅಷ್ಟು ಕೆಂಪು. ಸವೆದ ಹೆಂಚು ಇರುವ ಕಡೆ ಹಳೇ ಮನೆಗಳ ಕಸ ಬಂದಿದೆ ಅಂತ ಅರ್ಥ. ಅಲ್ಲಿ ಕೂತು ಹುಡುಕಿ. ನನಗೆ ಸಿಕ್ಕ ಒಳ್ಳೆಯ ಚೂರುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಹೆಂಚಿನ ನೆರೆಯಲ್ಲೇ ಸಿಕ್ಕಿದ್ದು.

ನೋಡುವ ಬಗೆ

ನಡೆಯುತ್ತಾ ನೋಡುವುದಕ್ಕಿಂತ ಕುಕ್ಕರಗಾಲಲ್ಲಿ ಕೂತು ನೋಡುವುದು ಮೇಲು. ಅಮ್ಮನನ್ನು ಗಮನಿಸಿ ಕಲಿತದ್ದು ಇದು. ಅವಳು ಇಡೀ ಮೊರವನ್ನು ಒಮ್ಮೆಲೇ ನೋಡುವುದಿಲ್ಲ. ಒಂದು ಹಿಡಿಯಷ್ಟನ್ನು ಎಳೆದುಕೊಂಡು, ಹರವಿ, ಮುಗಿಸಿ, ಆಮೇಲೆ ಮುಂದಿನ ಹಿಡಿ. ದಂಡೆಯಲ್ಲೂ ಮೊರದಗಲದ ಜಾಗ ಆರಿಸಿಕೊಳ್ಳಿ. ಎರಡು ನಿಮಿಷ ಕಣ್ಣು ಅಲ್ಲೇ ಇಡಿ. ಮೊದಲ ನಿಮಿಷದಲ್ಲಿ ಏನೂ ಇರುವುದಿಲ್ಲ. ಎರಡನೇ ನಿಮಿಷದಲ್ಲಿ ಒಂದು ಚೂರು ತಾನಾಗಿ ಬಂದು ಕೂತ ಹಾಗೆ ಕಾಣುತ್ತದೆ.

ಬೆಳಕಿನ ವಿಷಯದಲ್ಲಿ ಒಂದು ಸೂತ್ರ: ಸೂರ್ಯ ನಿಮ್ಮ ಎದುರಿಗಿರಬೇಕು, ಬೆನ್ನಿಗಲ್ಲ. ಓರೆ ಬಿಸಿಲು ಗಾಜಿನೊಳಗಿಂದ ತೂರಿ ಬಂದರೆ ಚೂರು ಒಳಗೆ ದೀಪ ಹಚ್ಚಿದ ಹಾಗೆ ಕಾಣುತ್ತದೆ, ಕಲ್ಲು ಕಪ್ಪಾಗಿಯೇ ಉಳಿಯುತ್ತದೆ. ನಮ್ಮ ಕಡಲು ಪಡುವಣಕ್ಕಿದೆ. ಆದ್ದರಿಂದ ಬೆಳಗ್ಗೆ ನೀರಿನ ಅಂಚಿನಲ್ಲಿ ಇದ್ದು ತೆಂಗಿನ ತೋಟದ ಕಡೆ ಮುಖ ಮಾಡಿ ನೋಡಿ. ಹಾಗೆ ನಿಂತಾಗ ಕಡಲು ನಿಮ್ಮ ಬೆನ್ನಿಗೆ ಇರುತ್ತದೆ, ಎರಡು ಅಲೆಗೊಮ್ಮೆ ತಿರುಗಿ ನೋಡುತ್ತಿರಿ. ಸಂಜೆ ಮೇಲಿನಿಂದ ಕಡಲ ಕಡೆ ನೋಡಿ. ಡಿಸೆಂಬರ್‌ ಸುಮಾರಿಗೆ ಸೂರ್ಯ ತೆಂಕಣಕ್ಕೆ ವಾಲಿರುತ್ತಾನೆ, ಆಗ ಉತ್ತರದಿಂದ ದಕ್ಷಿಣಕ್ಕೆ ನಡೆಯಿರಿ. ನಡು ಮಧ್ಯಾಹ್ನ ನೆತ್ತಿಯ ಮೇಲೆ ಬಿಸಿಲಿದ್ದಾಗ ಎಲ್ಲವೂ ಒಂದೇ ಬಣ್ಣ. ಆಗ ಊಟಕ್ಕೆ ಹೋಗಿ.

ಒದ್ದೆ ಗಾಜು ಹೊಳೆದು ಬಣ್ಣ ತೋರಿಸುತ್ತದೆ, ಒಣ ಗಾಜು ಬೂದಿ ಬಡಿದ ಹಾಗೆ ಮಂಕು. ಎರಡೂ ಕಣ್ಣಿಗೆ ಅಭ್ಯಾಸ ಆಗಬೇಕು.

ಗಾಜೋ ಕಲ್ಲೋ?

ಹೊಸಬರು ಎಡವುವುದೇ ಇಲ್ಲಿ. ಬಿಳಿ ಬೆಣಚುಕಲ್ಲು ಸವೆದಾಗ ಥೇಟ್ ಬಿಳಿ ಕಡಲ ಗಾಜಿನ ಹಾಗೇ ಕಾಣುತ್ತದೆ. ಬೆಳಕಿಗೆ ಹಿಡಿಯಿರಿ. ಗಾಜಿನಲ್ಲಿ ಬೆಳಕು ಒಂದೇ ಸಮ ತೂರುತ್ತದೆ, ಕೆಲವು ಸಲ ಒಳಗೆ ಸಣ್ಣ ಗುಳ್ಳೆ ಇರುತ್ತದೆ. ಬೆಣಚುಕಲ್ಲಿನಲ್ಲಿ ಮೋಡ, ಬಿರುಕು, ತುಕ್ಕಿನ ಬಣ್ಣದ ಗೆರೆ. ಆಕಾರವೂ ಹೇಳುತ್ತದೆ. ಬಾಟಲಿಯ ಚೂರಿಗೆ ಸ್ವಲ್ಪವಾದರೂ ಬಾಗು ಇರುತ್ತದೆ, ದಪ್ಪ ಒಂದೇ ಸಮ ಇರುತ್ತದೆ. ಇನ್ನೂ ಅನುಮಾನ ಇದ್ದರೆ ಅದರಿಂದ ಒಂದು ಬೇಡದ ಗಾಜಿನ ಮೇಲೆ ಒತ್ತಿ ಗೀರಿ. ಬೆಣಚುಕಲ್ಲು ಗಾಜಿಗಿಂತ ಗಟ್ಟಿ, ಸಲೀಸಾಗಿ ಗೀರು ಬೀಳುತ್ತದೆ.

ಕಲ್ಲುಸಕ್ಕರೆ ಹರಳಿನ ಹಾಗೆ ದಪ್ಪಗೆ, ಚೌಕ ಚೌಕವಾಗಿ ಸಿಕ್ಕರೆ ಅದು ವಾಹನದ ಕಿಟಕಿ ಗಾಜು. ಇಟ್ಟುಕೊಳ್ಳುವುದು ಬಿಡುವುದು ನಿಮಗೆ ಬಿಟ್ಟದ್ದು. ನಾನು ಬಿಡುತ್ತೇನೆ.

ಆನ್‌ಲೈನಿನಲ್ಲಿ 'ಕಡಲ ಗಾಜು' ಅಂತ ಮಾರುವುದರಲ್ಲಿ ಯಂತ್ರದಲ್ಲಿ ಹೊರಳಿಸಿದ್ದು, ಆಸಿಡ್‌ನಲ್ಲಿ ಅದ್ದಿದ್ದು ತುಂಬ. ನಾನೂ ಒಮ್ಮೆ ದುಡ್ಡು ಕೊಟ್ಟು ಬೇಸ್ತು ಬಿದ್ದಿದ್ದೇನೆ. ಭೂತಗನ್ನಡಿಯಲ್ಲಿ ನೋಡಿದರೆ ನಿಜವಾದದ್ದರ ಮೇಲೆ ಉಗುರಿನ ಗುರುತಿನಂಥ ಅರ್ಧಚಂದ್ರದ ಗೀರುಗಳು ಅಡ್ಡಾದಿಡ್ಡಿ ಇರುತ್ತವೆ. ನಕಲಿಯ ಮೈ ಬಣ್ಣ ಹೊಡೆದ ಗೋಡೆಯ ಹಾಗೆ ಎಲ್ಲಾ ಕಡೆ ಒಂದೇ.

ಬಣ್ಣಗಳ ಕಥೆ

ಬಿಳಿ, ಕಂದು, ಹಸಿರು ಎಲ್ಲಾ ಕಡೆ ಸಿಗುತ್ತವೆ. ಕಂದು ಬಿಯರ್ ಮತ್ತು ಔಷಧಿ ಬಾಟಲಿ. ಕಡು ನೀಲಿ ಕಡಿಮೆ, ಅದಕ್ಕೆ ಕೋಬಾಲ್ಟ್ ಹಾಕಬೇಕು, ಹಳೇ ಔಷಧಿ ಬಾಟಲಿಗಳಲ್ಲಿ ಇರುತ್ತಿತ್ತು. ತಿಳಿ ನೇರಳೆ ಸಿಕ್ಕರೆ ಅದು ಮೊದಲು ಬಿಳಿಯೇ ಆಗಿದ್ದಿರಬಹುದು. ಹಳೇ ಕಾಲದಲ್ಲಿ ಗಾಜಿನ ಹಸಿರು ಛಾಯೆ ಕಳೆಯಲು ಮ್ಯಾಂಗನೀಸ್ ಸೇರಿಸುತ್ತಿದ್ದರು. ಅದು ವರ್ಷಾನುಗಟ್ಟಲೆ ಬಿಸಿಲು ತಿಂದು ನೇರಳೆಗೆ ತಿರುಗುತ್ತದೆ.

ನನಗೆ ತುಂಬ ಇಷ್ಟ ನೀಲಿ ಹಸಿರಿನ ನಡುವಿನ ಆ ತಿಳಿ ಬಣ್ಣ. ಮರಳಿನಲ್ಲಿರುವ ಕಬ್ಬಿಣದ ಅಂಶದಿಂದ ಬರುವ ಬಣ್ಣ ಅದು. ಜಾತ್ರೆಯಲ್ಲಿ ಗೋಲಿ ಸೋಡಾ ಕುಡಿದವರಿಗೆ ಕಣ್ಣು ಮುಚ್ಚಿದರೂ ಗೊತ್ತು. ಆ ಬಾಟಲಿಗೆ ಇಂಗ್ಲೆಂಡಿನ ಹೈರಮ್ ಕಾಡ್ 1872ರಲ್ಲಿ ಪೇಟೆಂಟ್ ಪಡೆದರು. ಗ್ಯಾಸಿನ ಒತ್ತಡವೇ ಗೋಲಿಯನ್ನು ಬಾಯಿಗೆ ಒತ್ತಿ ಹಿಡಿಯುವ ಉಪಾಯ. ಅವರ ಊರಲ್ಲಿ ಅದು ಮೂಲೆ ಸೇರಿ ಎಷ್ಟೋ ಕಾಲ ಆಯಿತು, ನಮ್ಮಲ್ಲಿ ಈಗಲೂ 'ಟುಸ್' ಅನ್ನುತ್ತದೆ. ಇಷ್ಟು ವರ್ಷದಲ್ಲಿ ನನಗೆ ಮಾಗಿದ ಗೋಲಿ ಸಿಕ್ಕಿದ್ದು ಒಂದೇ ಒಂದು. ಅಮ್ಮನ ಮೊರದಲ್ಲಿ ಹಾಕಿದರೆ ಅದೂ ಕಲ್ಲು ಅಂತಲೇ ಎತ್ತಿಟ್ಟಾಳು.

ಕೆಂಪಿನ ವಿಷಯದಲ್ಲಿ ಹೊರದೇಶದವರ ಪಟ್ಟಿಗಳನ್ನು ನಂಬಬೇಡಿ. ಅಲ್ಲಿ ಕೆಂಪು ಅಂದರೆ ಜನ್ಮಕ್ಕೊಮ್ಮೆ ಸಿಗುವಂಥದ್ದು. ಕೆಂಪು ಗಾಜು ಮಾಡುವುದು ದುಬಾರಿ, ಚಿನ್ನದ ಲವಣವನ್ನೂ ಬಳಸುತ್ತಿದ್ದರು. ಇಲ್ಲಿ ನಮಗೆ ಬಳೆ ಇದೆಯಲ್ಲ! ಕೆಂಪು, ಹಸಿರು, ಹಳದಿ ಬಳೆ ಚೂರು, ಒಡೆದದ್ದು, ಬಾಗಿನದಲ್ಲಿ ನೀರಿಗೆ ಬಿಟ್ಟದ್ದು. ಬಾಗು ಇರುವ ಬೆಂಕಿಕಡ್ಡಿಯಷ್ಟು ಸಣ್ಣ ಚೂರು. ತೆಳ್ಳಗಿರುವುದರಿಂದ ಬೇಗ ಸವೆಯುತ್ತದೆ, ಜಲ್ಲಿಯ ಸಂದಿಯಲ್ಲಿ ಸಿಕ್ಕಿಕೊಂಡಿರುತ್ತದೆ. ಹೆಚ್ಚಿನವರು ಕಸ ಅಂತ ದಾಟಿ ಹೋಗುತ್ತಾರೆ. ನನ್ನ ಮಟ್ಟಿಗೆ ನಮ್ಮ ಕರಾವಳಿಯ ನಿಜವಾದ ಕಡಲ ಗಾಜು ಅದೇ.

ಯಾವುದನ್ನು ಬಿಡಬೇಕು, ಯಾವುದಕ್ಕೆ ಹೆದರಬೇಕು?

ಅಂಚು ಇನ್ನೂ ಚೂಪಾಗಿ, ಮೈ ಹೊಳೆಯುತ್ತಿದ್ದರೆ ಅದು ಕಾಯಿ, ಹಣ್ಣಾಗಿಲ್ಲ. ಇಂಥದ್ದನ್ನು ವಾಪಸು ಕಡಲಿಗೆ ಎಸೆಯಿರಿ, ಮುಂದಿನವರಿಗೆ ಮಾಗಲಿ ಅನ್ನುವವರಿದ್ದಾರೆ. ನನಗೆ ಅದು ಒಪ್ಪಿಗೆಯಿಲ್ಲ. ನಮ್ಮ ದಂಡೆಗಳಲ್ಲಿ ಮಕ್ಕಳು ಬರಿಗಾಲಲ್ಲಿ ಓಡುತ್ತಾರೆ, ಬಲೆ ಎಳೆಯುವವರ ಕಾಲಲ್ಲೂ ಚಪ್ಪಲಿ ಇರುವುದಿಲ್ಲ. ಆಗ ಹೇಳಿದ ಗಟ್ಟಿ ಡಬ್ಬ ಇದಕ್ಕೆ. ಅದರಲ್ಲಿ ತುಂಬಿ ಕಸದ ತೊಟ್ಟಿಗೆ ಹಾಕುತ್ತೇನೆ.

ಕೈಯಲ್ಲಿ ಕೆದಕಬಾರದು ಅಂದೆನಲ್ಲ, ಇಂಜೆಕ್ಷನ್ ಸೂಜಿ, ತುಕ್ಕು ಹಿಡಿದ ಮೀನಿನ ಗಾಳ ಇವೆಲ್ಲ ಜಲ್ಲಿಯ ನಡುವೆಯೇ ಇರುತ್ತವೆ. ದಡಕ್ಕೆ ಬಿದ್ದ ಅಂಬಲಿ ಮೀನು (ಜೆಲ್ಲಿ ಫಿಶ್), ಕಡಲ ಹಾವು ಸತ್ತಂತೆ ಕಂಡರೂ ಮುಟ್ಟಬೇಡಿ. ಶಂಕುವಿನಾಕಾರದ, ಚಿತ್ತಾರದ ಚಿಪ್ಪಿನೊಳಗೆ ಜೀವ ಇದ್ದರೆ ಅದೂ ವಿಷದ ಮುಳ್ಳು ಚುಚ್ಚಬಲ್ಲದು. ಕಡಲ್ಕೊರೆತ ತಡೆಯಲು ಹಾಕಿದ ದೊಡ್ಡ ಕಲ್ಲುಗಳ ಬುಡದಲ್ಲಿ ಗಾಜು ಚೆನ್ನಾಗಿ ಸಿಗುತ್ತದೆ ನಿಜ. ಆದರೆ ಆ ಕಲ್ಲುಗಳು ಅಲುಗಾಡುತ್ತವೆ, ಪಾಚಿ ಕಟ್ಟಿರುತ್ತವೆ. ಅದರ ಮೇಲೆ ಹತ್ತಬೇಡಿ, ಬುಡದಲ್ಲಿ ನಿಂತು ನೋಡಿ.

ಮಲ್ಪೆ ಎದುರಿನ ಸೇಂಟ್ ಮೇರೀಸ್ ದ್ವೀಪ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ. ಅಲ್ಲಿಂದ ಕಲ್ಲು, ಚಿಪ್ಪು ಏನನ್ನೂ ಎತ್ತಬಾರದು. ಹವಳ ಮತ್ತು ಕೆಲವು ಜಾತಿಯ ಚಿಪ್ಪುಗಳಿಗೆ 1972ರ ವನ್ಯಜೀವಿ ಕಾಯ್ದೆಯ ರಕ್ಷಣೆ ಇದೆ. ಗಾಜಿಗೆ ಹೋದವರು ಗಾಜು ಮಾತ್ರ ತಂದರೆ ತಲೆನೋವಿಲ್ಲ. ಚಳಿಗಾಲದಿಂದ ಬೇಸಿಗೆಯ ಶುರುವಿನವರೆಗೆ ಆಲಿವ್ ರಿಡ್ಲೆ ಆಮೆಗಳು ನಮ್ಮ ದಂಡೆಯಲ್ಲೂ ಮೊಟ್ಟೆ ಇಡುತ್ತವೆ. ಬೇಲಿ ಕಟ್ಟಿದ ಜಾಗದ ಹತ್ತಿರ ಹೋಗಬೇಡಿ, ರಾತ್ರಿ ಟಾರ್ಚ್ ಹಿಡಿದು ಓಡಾಡಬೇಡಿ.

ಕಡಲಿಗೆ ಹೋಗಲು ಆಗದ ತಿಂಗಳಲ್ಲಿ

ಕಣ್ಣಿಗೆ ಅಭ್ಯಾಸ ಬೇಕಿದ್ದರೆ ನಮ್ಮ ಹೊಳೆಗಳೇ ಇವೆ. ಬೇಸಿಗೆಯಲ್ಲಿ ಹೇಮಾವತಿ ಇಳಿದಾಗ ಹಳೇ ಸೇತುವೆಗಳ ಕೆಳಗೆ, ತಿರುವಿನ ಒಳಮಗ್ಗುಲಿನ ಜಲ್ಲಿಯಲ್ಲಿ ಗಾಜು ಸಿಗುತ್ತದೆ. ಗೊರೂರು ಹಿನ್ನೀರು ಇಳಿದು ಶೆಟ್ಟಿಹಳ್ಳಿ ಚರ್ಚಿನ ಬುಡ ಕಾಣುವ ಹೊತ್ತಿಗೆ ಆ ಸುತ್ತಿನ ದಂಡೆಯೂ ನೋಡಲು ಚೆನ್ನ. ಚರ್ಚಿನ ಗೋಡೆಯಿಂದ ಮಾತ್ರ ಏನನ್ನೂ ಕೀಳಬೇಡಿ. ಹೊಳೆಯ ಗಾಜಿಗೆ ಅಂಚು ಸವೆದಿರುತ್ತದೆ, ಆದರೆ ಉಪ್ಪುನೀರಿನ ಆ ಮಂಜು ಕೂತಿರುವುದಿಲ್ಲ. ಸ್ವಲ್ಪ ನುಣ್ಣಗೆ, ಜಿಡ್ಡು ಹಚ್ಚಿದ ಹಾಗೆ. ಎರಡನ್ನೂ ಪಕ್ಕದಲ್ಲಿಟ್ಟು ನೋಡಿದರೆ ಕಡಲು ಏನು ಮಾಡುತ್ತದೆ ಅಂತ ಯಾರೂ ಹೇಳಿಕೊಡಬೇಕಾಗಿಲ್ಲ.

ಮನೆಗೆ ತಂದ ಮೇಲೆ

ಒಂದು ರಾತ್ರಿ ಸಿಹಿನೀರಲ್ಲಿ ನೆನೆಹಾಕಿ. ಬೆಳಗ್ಗೆ ನೀರು ಬದಲಿಸಿ, ಪಾತ್ರೆ ತೊಳೆಯುವ ಸೋಪು, ಹಳೇ ಹಲ್ಲುಜ್ಜುವ ಬ್ರಷ್ ಹಾಕಿ ಉಜ್ಜಿ. ಬಿಳಿ ಚಿಪ್ಪಿನ ಪೊರೆ ಅಂಟಿದ್ದರೆ ವಿನೆಗರ್‌ನಲ್ಲಿ ಸ್ವಲ್ಪ ಹೊತ್ತು ಇಡಿ, ಸುಣ್ಣ ನೊರೆ ಎದ್ದು ಬಿಡುತ್ತದೆ. ಬಿಸಿನೀರು ಸುರಿಯಬೇಡಿ, ಗಾಜು ಬಿರುಕು ಬಿಡಬಹುದು. ಕೆಲವರು ಹೊಳಪಿಗೆ ಕೊಬ್ಬರಿಎಣ್ಣೆ ಸವರುತ್ತಾರೆ. ಇಷ್ಟು ವರ್ಷ ಕಡಲು ಕಷ್ಟಪಟ್ಟು ಮಾಡಿದ ಮಂಕನ್ನು ಎಣ್ಣೆ ಹಚ್ಚಿ ಅಳಿಸುವುದು ಯಾಕೋ?

ಒಣಗಿಸುವುದು ಮೊರದಲ್ಲೇ. ಈಗ ಅಮ್ಮ ನನ್ನ ಚೀಲದಿಂದ ಎತ್ತಿ ಎಸೆಯುವ ಕಲ್ಲು ನಾಲ್ಕೈದಕ್ಕೆ ಇಳಿದಿದೆ. ಆಮೇಲೆ ಹಳೇ ಹಾರ್ಲಿಕ್ಸ್ ಬಾಟಲಿಗೆ. ಒಂದು ಪ್ರವಾಸದ ಚೂರು ಒಂದು ಬಾಟಲಿಗೆ, ಒಳಗೆ ಒಂದು ಚೀಟಿ: ಜಾಗ, ತಾರೀಕು, ತಿಥಿ, ಇಳಿತದ ಗಂಟೆ. ಸುಮ್ನೆ ಶೋಕಿಗಲ್ಲ. ನಾಲ್ಕೈದು ಚೀಟಿ ಸೇರಿದ ಮೇಲೆ ಯಾವ ದಂಡೆ ಯಾವ ತಿಂಗಳಲ್ಲಿ ಕೊಡುತ್ತದೆ ಅಂತ ಅವೇ ಹೇಳುತ್ತವೆ.

ಸರಕ್ಕೆ ಪೋಣಿಸುವುದಾದರೆ ತೆಳು ತಾಮ್ರದ ತಂತಿ ಸುತ್ತುವುದು ಸುಲಭ. ತೂತೇ ಬೇಕಿದ್ದರೆ ವಜ್ರದ ಪುಡಿ ಹಚ್ಚಿದ ಸಣ್ಣ ಬಿಟ್ ಬೇಕು. ಚೂರನ್ನು ತಟ್ಟೆಯ ನೀರಿನಲ್ಲಿ ಮುಳುಗಿಸಿಟ್ಟು, ಡ್ರಿಲ್ ಮೋಟಾರಿಗೆ ನೀರು ತಾಗದಂತೆ ಬ್ಯಾಟರಿಯದ್ದನ್ನು ಬಳಸಿ, ನಿಧಾನ ವೇಗದಲ್ಲಿ, ಅರ್ಧ ಈ ಕಡೆಯಿಂದ ಅರ್ಧ ಆ ಕಡೆಯಿಂದ ಕೊರೆಯಬೇಕು. ಒಣಗಿದ್ದಾಗ ಕೊರೆದರೆ ಗಾಜು ಕಾದು ಒಡೆಯುತ್ತದೆ, ಪುಡಿ ಮೂಗಿಗೂ ಹೋಗುತ್ತದೆ. ನನ್ನ ಮೊದಲ ಎರಡು ಚೂರು ಹೀಗೇ ಹೋದವು. ಮೂರನೆಯದು, ಗೋಲಿ ಸೋಡಾ ಬಣ್ಣದ್ದು, ಅಕ್ಕನ ಮಗಳ ಕೊರಳಲ್ಲಿದೆ.